ಜಮಾಖರ್ಚಿನ ಪುಸ್ತಕದಲ್ಲಿದ್ದ ಉತ್ತರ: ಪೆರ್ಲದ ಒಂದು ಅಡಿಕೆ ತೋಟದ ಕೊಳೆರೋಗ ಮುನ್ಸೂಚನೆ

ಆಟಿ ತಿಂಗಳ (ಜುಲೈ–ಆಗಸ್ಟ್) ನಡುವಿನ ಒಂದು ಬೆಳಿಗ್ಗೆ ಅಪ್ಪಚ್ಚಿ (ಚಿಕ್ಕಪ್ಪ) ತೋಟದ ಕೆಳಭಾಗದಿಂದ ಒಂದು ಅಡಿಕೆ ಹಾಳೆಯ ತುಂಬ ಉದುರಿದ ಎಳೆ ಅಡಿಕೆಗಳನ್ನು ತಂದು ಜಗಲಿಯ ಮೇಲಿಟ್ಟರು. ತೊಟ್ಟಿನ ಸುತ್ತ ನೀರು ಕುಡಿದಂತೆ ಕಡುಹಸಿರಾದ ಕಲೆ, ಹೊಳಪು ಕಳೆದುಕೊಂಡ ಸಿಪ್ಪೆ, ಎರಡು ದಿನ ಮೊದಲೇ ಬಿದ್ದವುಗಳ ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಕೊಳೆರೋಗ, ನಮ್ಮ ಕಡೆ ಮಹಾಳಿ ಎಂದೂ ಹೇಳುತ್ತಾರೆ. ಅವರು ಏನೂ ಮಾತನಾಡಲಿಲ್ಲ. ಮೂರು ವಾರ ಮೊದಲು ಅದೇ ಜಗಲಿಯಲ್ಲಿ ಕುಳಿತು, "ಎರಡನೆಯ ಸಲದ ಮದ್ದಿಗೆ ಅವಸರ ಇಲ್ಲ, ಅಪ್ಪಚ್ಚಿ" ಎಂದು ಹೇಳಿದವಳು ನಾನು.

ಕೆಲವು ವರ್ಷಗಳ ಹಿಂದಿನ ಮಾತು ಇದು. ಅಂದಿನ ನನ್ನ ಲೆಕ್ಕ ಎಲ್ಲಿ ತಪ್ಪಿತು, ಅದನ್ನು ಹೇಗೆ ಕಂಡುಹಿಡಿದೆವು, ಆಮೇಲೆ ಏನು ಬದಲಿಸಿದೆವು ಎಂಬುದನ್ನು ಪೂರ್ತಿಯಾಗಿ ಬರೆದಿಡಬೇಕು ಎಂದು ಆಗಿನಿಂದಲೂ ಅನ್ನಿಸುತ್ತಿತ್ತು. ಈಗ ಮಳೆಮಾಪಕ, ಮೊಬೈಲ್, ಹವಾಮಾನ ಇಲಾಖೆಯ ಮುನ್ಸೂಚನೆ ಎಲ್ಲವೂ ಮನೆಮನೆಗೆ ಬಂದಿವೆ. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡುವುದು ಬಹಳ ಸುಲಭ.

ನಮ್ಮ ತೋಟ ಇರುವುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಗೆ ದೂರವಲ್ಲದ ಒಂದು ಬೈಲಿನಲ್ಲಿ. ಮೂರು ಕಡೆ ಗುಡ್ಡೆ, ನಡುವೆ ತೋಡು, ಅಂದರೆ ಸಣ್ಣ ಹಳ್ಳ. ಬೇಸಗೆಯಲ್ಲಿ ಗುಡ್ಡೆಯ ಹೊಟ್ಟೆ ಕೊರೆದ ಸುರಂಗದ ನೀರೇ ಆಧಾರ. ಮಳೆಗಾಲದಲ್ಲಿ ನೀರನ್ನು ಹೊರಗೆ ಹಾಕುವುದೇ ಕೆಲಸ. ಈ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ತೋಡಿನ ಬದಿಯ ಮರಗಳಿಗೆ ಬಿಸಿಲು ಬೀಳುವಾಗ ಬೆಳಗಿನ ಕಾಫಿ ಮುಗಿದು ಬಹಳ ಹೊತ್ತಾಗಿರುತ್ತದೆ.

ಕೊಳೆರೋಗಕ್ಕೆ ಇಂಥ ಜಾಗವೇ ಬೇಕು. ರೋಗಕಾರಕದ ಹೆಸರು ಫೈಟೋಫ್ತೊರಾ. ಗ್ರೀಕ್ ಭಾಷೆಯಲ್ಲಿ ಗಿಡಗಳನ್ನು ನಾಶಮಾಡುವುದು ಎಂದು ಅರ್ಥ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯನ್ನು ಕೊಳೆಸಿ ಘೋರ ಬರಗಾಲಕ್ಕೆ ಕಾರಣವಾದದ್ದು ಇದರ ಹತ್ತಿರದ ನೆಂಟ. ಇದರ ಬೀಜಾಣುಗಳು ನೀರಿನ ತೆಳುಪದರದಲ್ಲಿ ಈಜುತ್ತವೆ, ಮಳೆಹನಿ ಸಿಡಿದಾಗ ಒಂದು ಗೊನೆಯಿಂದ ಇನ್ನೊಂದಕ್ಕೆ ಹಾರುತ್ತವೆ. ಬಿಡುವಿಲ್ಲದ ಮಳೆ, 20ರಿಂದ 23 ಡಿಗ್ರಿಯ ತಂಪು, 90 ಶೇಕಡಾ ದಾಟಿದ ಆರ್ದ್ರತೆ, ನಡುನಡುವೆ ಇಣುಕುವ ಬಿಸಿಲು ಸೇರಿದರೆ ಮುಂಗಾರು ಹಿಡಿದ 15–20 ದಿನದಲ್ಲೇ ಅಡಿಕೆ ಉದುರತೊಡಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಸೇವೆಗಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಈ ರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಅಡಿಕೆ ಬೆಳೆಗಾರರಿಗೆ ಕಲಿಸಿದರು. ಕೊಳೆರೋಗ ಎಂಬ ನಮ್ಮ ಶಬ್ದವೇ ವಿಜ್ಞಾನದ ಪುಸ್ತಕಗಳಲ್ಲೂ ಸೇರಿಕೊಂಡಿದೆ.

ಮದ್ದು ಈಗಲೂ ಅದೇ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮೊದಲ ಸಲ ಮುಂಗಾರಿಗೆ ಮುಂಚೆ, ಎರಡನೆಯದು 40–45 ದಿನ ಕಳೆದು, ಮಳೆ ನಿಲ್ಲದಿದ್ದರೆ ಮೂರನೆಯದು. ಹೇಳುವುದಕ್ಕೆ ಇಷ್ಟೇ. ಆದರೆ ಎರಡನೆಯ ಸಲ ಬರುವುದು ಜುಲೈ ನಡುವಿನಲ್ಲಿ, ಮಳೆ ಅತಿ ಜೋರಿರುವಾಗ. ಮರ ಒಣಗಿರಬೇಕು, ಮದ್ದು ಬಿಟ್ಟ ಮೇಲೆ ಕೆಲವು ಗಂಟೆ ಮಳೆ ಬರಬಾರದು, ಅದೇ ದಿನ ಮರ ಹತ್ತುವವರು ಸಿಗಬೇಕು. ಈ ಮೂರೂ ಕೂಡಿಬರುವ ದಿನಕ್ಕಾಗಿ ಇಡೀ ಊರು ಕಾಯುತ್ತದೆ, ಊರಿಗೆ ಇರುವುದು ಬೆರಳೆಣಿಕೆಯ ಕೆಲಸಗಾರರು. ಆದ್ದರಿಂದ, ಈ ವರ್ಷ ಎರಡನೆಯ ಸಲ ನಿಜವಾಗಿ ಬೇಕೇ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರಿದ್ದರೆ ಅವರ ಮಾತಿಗೆ ಬೆಲೆ ಇದೆ. ನಾನು ಮಂಗಳೂರಿನಲ್ಲಿ ಅಂಕಿಅಂಶಗಳ ಕೆಲಸದಲ್ಲಿರುವವಳು. ಆ ಉತ್ತರ ನನ್ನಿಂದ ಸಾಧ್ಯ ಎಂದು ನಂಬಿದೆ.

ಸಾಮಗ್ರಿ ಮನೆಯಲ್ಲೇ ಇತ್ತು. ಅಜ್ಜ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟು, ಹವಾಮಾನ ಇಲಾಖೆಯವರ ಹಾಗೆಯೇ ಬೆಳಿಗ್ಗೆ 8.30ಕ್ಕೆ ಅಳೆದು, ನೀಲಿ ಶಾಯಿಯಲ್ಲಿ ಬರೆದಿಟ್ಟ 22 ಮಳೆಗಾಲಗಳ ಲೆಕ್ಕ. ಪ್ರತಿ ವರ್ಷದ ಕೊನೆಗೆ ಒಂದು ಸಾಲು: "ಕೊಳೆ ಇಲ್ಲ", "ಅಲ್ಪಸ್ವಲ್ಪ", "ಜೋರು". ಜೋರು ಎಂದು ಬರೆದ ವರ್ಷಗಳು 4. ನಾನು ಎಲ್ಲವನ್ನೂ ಸ್ಪ್ರೆಡ್‌ಶೀಟಿಗೆ ಇಳಿಸಿದೆ. ಜೂನ್ ಮಳೆ, ಜುಲೈ ಮೊದಲ ವಾರದ ಮಳೆ, ಮಳೆ ಬಂದ ದಿನಗಳು, ಬಿಡುವಿಲ್ಲದೆ ಸುರಿದ ಅತಿ ಉದ್ದದ ಸರಣಿ, ಮುಂಗಾರು ಹಿಡಿದ ದಿನ, ಹೀಗೆ 14 ಕಾಲಂ. ಅದರ ಮೇಲೆ ಲಾಜಿಸ್ಟಿಕ್ ರಿಗ್ರೆಶನ್, ಅಂದರೆ ಹಳೆಯ ಅಂಕಿಗಳಿಂದ ಒಂದು ಸಂಗತಿಯ ಸಂಭವವನ್ನು ಅಂದಾಜಿಸುವ ಗಣಿತದ ಮಾದರಿ. 22ರಲ್ಲಿ 19 ವರ್ಷಗಳನ್ನು ಮಾದರಿ ಸರಿಯಾಗಿ ಹೇಳಿತು. ನೂರಕ್ಕೆ 86 ಎಂದು ನಾನು ಹಿಗ್ಗಿದೆ.

ಆ ವರ್ಷ ಜೂನ್ ತಿಂಗಳಿಡೀ ಮಳೆ ಹೊಯ್ದಿತು. ಜುಲೈ ಎರಡನೆಯ ವಾರ ಮನೆಗೆ ಬಂದಾಗ ಅಪ್ಪಚ್ಚಿ ಕೇಳಿದರು: "ನಾಡಿದ್ದು ಮದ್ದು ಬಿಡುವವರ ಸರದಿ ನಮ್ಮದು. ಆಚೆ ಮನೆಯವರು ತಮಗೆ ಬಿಟ್ಟುಕೊಡುತ್ತೀರಾ ಎಂದು ಕೇಳುತ್ತಿದ್ದಾರೆ. ನಿನ್ನ ಲೆಕ್ಕ ಏನು ಹೇಳುತ್ತದೆ ಮಗಳೇ?" ಮಾದರಿ ಹೇಳಿದ್ದು ನೂರಕ್ಕೆ 14. ಬರುವ ಸಾಧ್ಯತೆ ಕಡಿಮೆ ಎಂದೆ. ಅವರು ಸರದಿಯನ್ನು ಬಿಟ್ಟುಕೊಟ್ಟರು. ಆಮೇಲೆ ಮೂರು ವಾರ ಬಿಡುವೇ ಸಿಗಲಿಲ್ಲ. ಮೊದಲ ಸಲದ ಮದ್ದು ತೊಳೆದುಹೋಗಿದ್ದ ಗೊನೆಗಳು ಕೊಳೆತವು. ಕೊಳೆತು ಬಿದ್ದದ್ದನ್ನು ಆರಿಸಿ ಒಣಗಿಸಿದರೂ ಅದು ಚಾಲಿ (ಒಣಗಿಸಿ ಸುಲಿದ ಒಳ್ಳೆಯ ಅಡಿಕೆ) ಆಗುವುದಿಲ್ಲ, ಕೀಳು ದರ್ಜೆಯ ಕರಿಗೋಟಿನ ಬೆಲೆಗೂ ಕಷ್ಟ.

ಮೊದಲ ತಪ್ಪನ್ನು ತೋರಿಸಿಕೊಟ್ಟವರು ಅಪ್ಪಚ್ಚಿಯೇ. ಸಿಟ್ಟಿನಿಂದಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. "ನೂರಕ್ಕೆ ಹದಿನಾಲ್ಕು ಎಂದರೆ ಏಳರಲ್ಲಿ ಒಂದು ಅಲ್ಲವೇ? ಏಳು ವರ್ಷಕ್ಕೊಮ್ಮೆ ಫಸಲು ಹೋಗುತ್ತದೆ ಎಂದು ನೀನು ಬಿಡಿಸಿ ಹೇಳಿದ್ದರೆ ನಾನು ಏಳು ವರ್ಷವೂ ಮದ್ದು ಬಿಡಿಸುತ್ತಿದ್ದೆ."

ಇದರಲ್ಲಿ ಇಡೀ ಶಾಸ್ತ್ರವೇ ಇದೆ. 50ಕ್ಕಿಂತ ಕಡಿಮೆ ಎಂದರೆ "ಬರುವುದಿಲ್ಲ", ಹೆಚ್ಚು ಎಂದರೆ "ಬರುತ್ತದೆ" ಎಂದು ನಾನು ಯೋಚಿಸದೆ ಗೆರೆ ಎಳೆದಿದ್ದೆ. ಗೆರೆ ಎಲ್ಲಿ ಬೀಳಬೇಕು ಎಂಬುದನ್ನು ನಿರ್ಧರಿಸುವುದು ಮಳೆಯೂ ಅಲ್ಲ, ಕಂಪ್ಯೂಟರೂ ಅಲ್ಲ, ಮನೆಯ ಖರ್ಚುವೆಚ್ಚ. ಒಂದು ಸಲ ಮದ್ದು ಬಿಡುವ ಖರ್ಚನ್ನು 1 ಎಂದಿಟ್ಟುಕೊಳ್ಳಿ. ಬಿಡದೆ ಕೊಳೆ ಬಂದರೆ ಆಗುವ ನಷ್ಟ 8 ಎನ್ನಿ. ಖರ್ಚನ್ನು ನಷ್ಟದಿಂದ ಭಾಗಿಸಿದರೆ 1/8, ಅಂದರೆ ನೂರಕ್ಕೆ ಹನ್ನೆರಡೂವರೆ. ಕೊಳೆಯ ಸಂಭವ ಅದನ್ನು ದಾಟಿತೆಂದರೆ ಮದ್ದು ಬಿಡುವುದೇ ಲಾಭ. ಹವಾಮಾನದ ಮುನ್ಸೂಚನೆಯನ್ನು ಬಳಸುವವರು ಬಹುಕಾಲದಿಂದ ಬಲ್ಲ ಲೆಕ್ಕ ಇದು. ಈ ಅಳತೆಯಲ್ಲಿ ನನ್ನ ಮಾದರಿ ಕೊಟ್ಟ 14 ಎಂಬ ಸಂಖ್ಯೆಯೇ "ಮದ್ದು ಬಿಡು" ಎನ್ನುತ್ತಿತ್ತು. ನಾನು ಅದನ್ನು ತಿರುಗಿಸಿ ಓದಿದೆ.

86 ಎಂಬ ಅಂಕವೂ ಪೊಳ್ಳು. 22ರಲ್ಲಿ 18 ವರ್ಷ ಕೊಳೆ ಜೋರಾಗಿರಲಿಲ್ಲ. ಯಾವ ಲೆಕ್ಕವನ್ನೂ ಮಾಡದೆ ಪ್ರತಿ ವರ್ಷ "ಬರುವುದಿಲ್ಲ" ಎಂದವರಿಗೂ ನೂರಕ್ಕೆ 82 ಅಂಕ ಸಿಗುತ್ತದೆ. ಈ ಬಲೆಗೆ ಮೊದಲು ಬಿದ್ದವರಲ್ಲಿ ಒಬ್ಬರು ಅಮೆರಿಕದ ಜಾನ್ ಫಿನ್ಲಿ. 1884ರಲ್ಲಿ ಸುಂಟರಗಾಳಿಯ ಮುನ್ಸೂಚನೆ ಕೊಟ್ಟು, ಒಟ್ಟು 2803 ಮುನ್ಸೂಚನೆಗಳಲ್ಲಿ ನೂರಕ್ಕೆ 96.6ರಷ್ಟು ಸರಿಯಾದವು ಎಂದು ಅವರು ಲೆಕ್ಕ ತೋರಿಸಿದರು. "ಸುಂಟರಗಾಳಿ ಇಲ್ಲ" ಎಂದು ಪ್ರತಿ ಸಲ ಹೇಳಿದ್ದರೆ 98.2 ಆಗುತ್ತಿತ್ತು ಎಂದು ಬೇರೆಯವರು ತೋರಿಸಿದರು. ನಿಜವಾಗಿ ಬೀಸಿದ 51 ಸುಂಟರಗಾಳಿಗಳಲ್ಲಿ ಫಿನ್ಲಿ ಹಿಡಿದದ್ದು 28. ಆ 28ಕ್ಕೆ ದೊಡ್ಡ ಬೆಲೆ ಇದೆ, ಆದರೆ 96.6 ಎಂಬ ಸಂಖ್ಯೆಯಲ್ಲಿ ಅದು ಕಾಣುವುದೇ ಇಲ್ಲ. ಅಪರೂಪಕ್ಕೆ ಬರುವ ಕಷ್ಟವನ್ನು ಮುಂದಾಗಿ ಹೇಳುವೆ ಎನ್ನುವ ಯಾರಾದರೂ ಶೇಕಡಾವಾರು ಸರಿತನವನ್ನು ಮುಂದಿಟ್ಟರೆ, ಸುಮ್ಮನೆ "ಇಲ್ಲ" ಎಂದಿದ್ದರೆ ಎಷ್ಟು ಬರುತ್ತಿತ್ತು ಎಂದು ಕೇಳಲೇಬೇಕು.

ಇಷ್ಟಕ್ಕೆ ನಿಲ್ಲಿಸಿದ್ದರೆ ದೊಡ್ಡ ತಪ್ಪು ಉಳಿದೇ ಹೋಗುತ್ತಿತ್ತು. ನನ್ನನ್ನು ಬಾಧಿಸುತ್ತಿದ್ದ ಸಂಗತಿ ಬೇರೆ. ಜೂನ್‌ನಲ್ಲಿ ಹೆಚ್ಚು ಮಳೆಯಾದಷ್ಟೂ ಕೊಳೆಯ ಸಂಭವ ಕಡಿಮೆ ಎಂದು ಮಾದರಿ ಕಲಿತಿತ್ತು. ರೋಗದ ಸ್ವಭಾವ ತಿಳಿದ ಯಾರಿಗಾದರೂ ಇದು ತಲೆಕೆಳಗು ಎಂದು ತಕ್ಷಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಅಂಕಿಗಳು ಹಾಗೆ ಹೇಳುತ್ತಿರುವಾಗ ಬೇರೇನೋ ಕಾರಣ ಇರಬಹುದು, ಮೊದಲ ರಭಸಕ್ಕೆ ಬೀಜಾಣುಗಳು ತೊಳೆದುಹೋಗುತ್ತವೋ ಏನೋ ಎಂದು ನನಗೆ ನಾನೇ ಒಂದು ಕತೆ ಕಟ್ಟಿಕೊಂಡು ಸಮಾಧಾನ ಹೇಳಿಕೊಂಡಿದ್ದೆ. ಈ ಪ್ರಕರಣದಲ್ಲಿ ನನಗೆ ಅತ್ಯಂತ ನೋವು ಕೊಡುವುದು ಇದೇ. ಅನುಮಾನ ಬಂದಿತ್ತು, ಅದರ ಬೆನ್ನು ಹತ್ತಲಿಲ್ಲ.

ಬಗೆಹರಿಸಿದವರು ಅಜ್ಜಿ. ನಾನು ಮಳೆಯ ಪುಸ್ತಕವನ್ನು ಮತ್ತೆ ಮತ್ತೆ ಮಗುಚುವುದನ್ನು ನೋಡಿ, "ಜೂನ್ ಮಳೆ ಜೋರಾದ ವರ್ಷ ನಿನ್ನ ಅಜ್ಜ ಮನೆಯಲ್ಲಿ ಕೂತದ್ದೇ ಇಲ್ಲ" ಎಂದರು. "ಕುಂಬಳೆಗೆ ಹೋಗಿ ಮೈಲುತುತ್ತು ತಂದು, ಆಳುಗಳ ಮನೆಗೆ ರಾತ್ರಿಯೇ ಹೋಗಿ ಹೇಳಿಬಂದು, ಮೂರು ಸಲ ಮದ್ದು ಬಿಡಿಸುತ್ತಿದ್ದರು. ಮಳೆ ಸಣ್ಣದಿದ್ದ ವರ್ಷ ಒಂದೇ ಸಲ, ಹೆಚ್ಚೆಂದರೆ ಎರಡು."

ಮಳೆಯ ಪುಸ್ತಕದಲ್ಲಿ ಮದ್ದಿನ ವಿಚಾರ ಒಂದಕ್ಷರವೂ ಇರಲಿಲ್ಲ. ಅದು ಇದ್ದದ್ದು ಜಮಾಖರ್ಚಿನ ಪುಸ್ತಕದಲ್ಲಿ, ಮೈಲುತುತ್ತು, ಸುಣ್ಣ, ಆಳಿನ ಸಂಬಳ ಎಂಬ ಬಾಬತ್ತುಗಳಲ್ಲಿ. ಅಟ್ಟದಿಂದ ಆ ಪುಸ್ತಕಗಳನ್ನು ಇಳಿಸಿ, ನಾನೂ ಅಪ್ಪಚ್ಚಿಯೂ ಎರಡು ಭಾನುವಾರ ಕುಳಿತು, ಯಾವ ವರ್ಷ ಯಾವ ದಿನ ಮದ್ದು ಬಿಟ್ಟದ್ದು ಎಂದು ಹೆಕ್ಕಿದೆವು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಮೂರು ಸಲ ಮದ್ದು ಬಿಟ್ಟ ವರ್ಷಗಳೆಲ್ಲ ಜೂನ್ ಮಳೆ ಜೋರಾದ ವರ್ಷಗಳೇ, ಅವುಗಳಲ್ಲಿ ಒಂದರಲ್ಲೂ ಕೊಳೆ ಜೋರಾಗಿರಲಿಲ್ಲ. ಕೊಳೆ ಜೋರಾದ 4 ವರ್ಷಗಳೂ ಜೂನ್ ಮೆತ್ತಗಿದ್ದು, ನಂಬಿಕೆಯಿಂದ ಒಂದೇ ಸಲಕ್ಕೆ ನಿಲ್ಲಿಸಿ, ಆಟಿಯಲ್ಲಿ ಮಳೆ ಹಿಡಿದ ವರ್ಷಗಳು.

ಹಾಗಾಗಿ ಮಾದರಿ ಸುಳ್ಳು ಹೇಳಲಿಲ್ಲ. ಅಜ್ಜನಂಥ ಯಜಮಾನರು ಇರುವ ತೋಟದಲ್ಲಿ ಜೂನ್ ಮಳೆ ಜೋರಾದರೆ ಕೊಳೆ ಬರುವುದಿಲ್ಲ ಎಂಬುದು ಸತ್ಯವೇ. ಮಳೆ ಜೋರಾದಾಗ ಅವರು ಓಡಾಡಿದರು, ಓಡಾಡಿದ್ದರಿಂದ ಫಸಲು ಉಳಿಯಿತು. ನಾನು ಆ ಓಡಾಟವನ್ನು ಕಾಣದೆ, ಫಸಲು ಉಳಿದದ್ದರ ಕೀರ್ತಿಯನ್ನು ಮಳೆಗೆ ಕೊಟ್ಟೆ. ಆ ಮಾತನ್ನೇ ಹಿಡಿದು ಆ ವರ್ಷ ಓಡಾಟವನ್ನು ನಿಲ್ಲಿಸಿದೆ. ಅವರ ಶ್ರಮದಿಂದ ಹುಟ್ಟಿದ ಅಂಕಿಗಳನ್ನು ಬಳಸಿ ಆ ಶ್ರಮ ಬೇಡ ಎಂದು ಹೇಳಿದಂತಾಯಿತು.

ವೈದ್ಯಕೀಯದಲ್ಲಿ ಇಂಥದ್ದೇ ಒಂದು ಘಟನೆ ದಾಖಲಾಗಿದೆ. 1990ರ ದಶಕದಲ್ಲಿ ಅಮೆರಿಕದಲ್ಲಿ, ನ್ಯುಮೋನಿಯ ಬಂದವರಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು ಎಂದು ಊಹಿಸುವ ಮಾದರಿಗಳನ್ನು ಕಟ್ಟಿದರು. ಅಸ್ತಮಾ ಇರುವವರಿಗೆ ಅಪಾಯ ಕಡಿಮೆ ಎಂದು ಒಂದು ಮಾದರಿ ಕಲಿಯಿತು. ವಿಚಾರಿಸಿದಾಗ ತಿಳಿದದ್ದು: ಅಸ್ತಮಾ ಇರುವವರಿಗೆ ನ್ಯುಮೋನಿಯ ಬಂದರೆ ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು, ಆ ಆರೈಕೆಯಿಂದಲೇ ಅವರು ಬದುಕುತ್ತಿದ್ದರು. ಮಾದರಿಯನ್ನು ನಂಬಿ ಅವರನ್ನು ಮನೆಗೆ ಕಳುಹಿಸಿದ್ದರೆ ಸಾಯುತ್ತಿದ್ದರು. ಅಲ್ಲಿ ವೈದ್ಯರು ಬಳಸುವ ಮೊದಲೇ ಗುರುತಿಸಿದರು. ನಮ್ಮಲ್ಲಿ ಗೊತ್ತಾಗುವಾಗ ಅಡಿಕೆ ಹಾಳೆಯಲ್ಲಿತ್ತು.

ಇನ್ನೊಂದು ತಪ್ಪನ್ನು ಬೇಗ ಹೇಳಿ ಮುಗಿಸುತ್ತೇನೆ. 14 ಕಾಲಂಗಳಲ್ಲಿ "ಇಡೀ ಮಳೆಗಾಲದ ಒಟ್ಟು ಮಳೆ" ಎಂಬುದೂ ಒಂದಿತ್ತು. ಜುಲೈಯಲ್ಲಿ ನಿರ್ಧಾರ ಮಾಡುವಾಗ ಸೆಪ್ಟೆಂಬರ್‌ನ ಮಳೆ ಯಾರ ಕೈಯಲ್ಲೂ ಇರುವುದಿಲ್ಲ. ಹಳೆಯ ವರ್ಷಗಳಿಗೆ ಆ ಅಂಕಿ ಇತ್ತು, ಹೊಸ ವರ್ಷಕ್ಕೆ ಸರಾಸರಿಯನ್ನು ತುಂಬಿದ್ದೆ. ಇದಂತೂ ಪಾಠಪುಸ್ತಕದ ಮೊದಲ ಅಧ್ಯಾಯದ ತಪ್ಪು.

22 ಸಾಲಿಗೆ 14 ಕಾಲಂ ಎಂಬುದೇ ಅತಿಯಾಯಿತು. ನಮ್ಮ ದೇಶದ ಹವಾಮಾನ ಇಲಾಖೆಗೂ ಇಂಥ ಪಾಠ ಆಗಿದೆ. ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ 20ನೇ ಶತಮಾನದ ಆರಂಭದಲ್ಲೇ ದೂರದ ದೇಶಗಳ ವಾಯುಭಾರ, ಹಿಮ ಮುಂತಾದವುಗಳಿಂದ ಮುಂಗಾರನ್ನು ಊಹಿಸುವ ಸಮೀಕರಣಗಳನ್ನು ಕಟ್ಟಿದ್ದರು. 1988ರಲ್ಲಿ ಇಲಾಖೆ 16 ಅಂಶಗಳ ಮಾದರಿಯನ್ನು ಬಳಕೆಗೆ ತಂದಿತು. 1989ರಿಂದ 2001ರ ತನಕ ದೇಶಕ್ಕೆ ಒಟ್ಟಾರೆ ಸಾಮಾನ್ಯ ಮಳೆಯೇ ಆಯಿತು, ಮುನ್ಸೂಚನೆಯೂ ಸಾಮಾನ್ಯ ಎಂದೇ ಇತ್ತು. 2002ರಲ್ಲೂ ಸಾಮಾನ್ಯ ಎಂದರು. ಜುಲೈ ಕೈಕೊಟ್ಟು, ಆ ಮುಂಗಾರು ದೀರ್ಘಕಾಲದ ಸರಾಸರಿಯ 81 ಶೇಕಡಾಕ್ಕೆ ಇಳಿದು ಬರಗಾಲವಾಯಿತು. 2003ರಲ್ಲಿ ಇಲಾಖೆ ಆ ಮಾದರಿಯನ್ನು ಬಿಟ್ಟು ಕಡಿಮೆ ಅಂಶಗಳ ಮಾದರಿಗಳಿಗೆ ಹೋಯಿತು. ಒಳ್ಳೆಯ ವರ್ಷಗಳ ಸಾಲಿನಲ್ಲಿ "ಒಳ್ಳೆಯದಾಗುತ್ತದೆ" ಎನ್ನುವ ಮಾದರಿಗೆ ಪರೀಕ್ಷೆಯೇ ನಡೆದಿರುವುದಿಲ್ಲ. ಅಷ್ಟು ದೊಡ್ಡ ಇಲಾಖೆ ತಪ್ಪನ್ನು ಒಪ್ಪಿ ವರ್ಷದೊಳಗೆ ದಾರಿ ಬದಲಿಸಿತು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಮುಂದಿನ ಬೇಸಗೆಯಲ್ಲಿ ಮತ್ತೆ ಮೊದಲಿನಿಂದ ಹೊರಟೆವು. ಈ ಸಲ ಪ್ರಶ್ನೆಯನ್ನೇ ಬದಲಿಸಿದೆವು. "ಈ ವರ್ಷ ಕೊಳೆ ಬರುತ್ತದೆಯೇ" ಎಂಬುದು ಜಾತಕ ನೋಡುವವರ ಪ್ರಶ್ನೆ. ತೋಟದಲ್ಲಿ ನಿಂತವರಿಗೆ ಬೇಕಾದದ್ದು ಬೇರೆ: ಕೊನೆಯ ಸಲ ಮದ್ದು ಬಿಟ್ಟು ಇಷ್ಟು ದಿನ ಆಗಿದೆ, ಅದರ ಮೇಲೆ ಇಷ್ಟು ಮಳೆ ಬಿದ್ದಿದೆ, ಈಗ ಬಿಡದಿದ್ದರೆ ಮುಂದಿನ 10 ದಿನದಲ್ಲಿ ಕೊಳೆ ಕಾಣಿಸಿಕೊಳ್ಳುವ ಸಂಭವ ಎಷ್ಟು? ಮತ್ತು ಮುಂದಿನ 5 ದಿನಗಳಲ್ಲಿ ಮದ್ದು ಬಿಡಲು ಹೊಳವು (ಮಳೆಯ ಬಿಡುವು) ಸಿಗುತ್ತದೆಯೇ?

ಮಾದರಿಯನ್ನು ತೀರಾ ಸರಳ ಮಾಡಿದೆ. ಇಂಗ್ಲೆಂಡಿನಲ್ಲಿ ಆಲೂಗಡ್ಡೆಯ ಅಂಗಮಾರಿಗೆ ಬಳಸುವ ನಿಯಮ ನನಗೆ ಧೈರ್ಯ ಕೊಟ್ಟಿತು. 1956ರಲ್ಲಿ ಬಂದ ಸ್ಮಿತ್ ನಿಯಮದಲ್ಲಿ ಇರುವುದು ಎರಡೇ ಷರತ್ತು: ಸತತ ಎರಡು ದಿನ ಕನಿಷ್ಠ ಉಷ್ಣತೆ 10 ಡಿಗ್ರಿಗಿಂತ ಇಳಿಯಬಾರದು, ದಿನಕ್ಕೆ ಕನಿಷ್ಠ 11 ಗಂಟೆ ಆರ್ದ್ರತೆ 90 ಶೇಕಡಾ ಅಥವಾ ಹೆಚ್ಚು ಇರಬೇಕು. ಹಾಗಾದರೆ ಎಚ್ಚರಿಕೆ. ಅದೇ ನಿಯಮ 60 ವರ್ಷ ನಡೆಯಿತು. ರೋಗ ನಿಜವಾಗಿ ಬಂದ ಸ್ಥಳಗಳ ದಾಖಲೆಯೊಂದಿಗೆ ಹೋಲಿಸಿದಾಗ ಅದು ಹಲವು ಸಲ ಎಚ್ಚರಿಸದೆ ಬಿಟ್ಟದ್ದು ಕಂಡುಬಂದು, 2017ರಲ್ಲಿ 11 ಗಂಟೆಯನ್ನು 6 ಗಂಟೆಗೆ ಇಳಿಸಿ ಹಟನ್ ನಿಯಮ ಎಂದು ಹೆಸರಿಟ್ಟರು. ಸಣ್ಣ ನಿಯಮವಾದರೆ ಎಲ್ಲಿ ತಪ್ಪಿತೆಂದು ಕಾಣುತ್ತದೆ, ತಿದ್ದಲು ಬರುತ್ತದೆ. ನಾವು ಇಟ್ಟುಕೊಂಡದ್ದು ಮೂರು: ಮದ್ದು ಬಿಟ್ಟು ಆದ ದಿನ, ಆ ಬಳಿಕ ಬಿದ್ದ ಮಳೆ, ಬಿಡುವಿಲ್ಲದೆ ಮಳೆಯಾದ ದಿನಗಳ ಸರಣಿ.

ಅಂಕಿಗಳು ಸಾಲದು ಎಂದು ಬೈಲಿನ ಇನ್ನೂ ಆರು ಮನೆಯವರನ್ನು ಕೇಳಿಕೊಂಡೆವು. ಎಲ್ಲರೂ ಮದ್ದು ಬಿಟ್ಟ ದಿನವನ್ನು ಬರೆದಿಡುವುದೆಂದು ಒಪ್ಪಿದರು. ಏಳು ತೋಟ ಸೇರಿದರೆ ಒಂದೇ ಮಳೆಗಾಲದಲ್ಲಿ ಏಳು ವರ್ಷದ ಅನುಭವ ಸಿಕ್ಕಿತು ಎಂದು ಅನ್ನಿಸಬಹುದು. ಹಾಗಲ್ಲ. ಏಳಕ್ಕೂ ಬಿದ್ದದ್ದು ಒಂದೇ ಮಳೆ. ಆದ್ದರಿಂದ ಮಳೆಯ ಬಗ್ಗೆ ಹೊಸದಾಗಿ ತಿಳಿಯುವುದು ಕಡಿಮೆ. ಆದರೆ ಒಂದೇ ಮಳೆಗೆ ಬೇರೆ ಬೇರೆ ದಿನ ಮದ್ದು ಬಿಟ್ಟವರನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುತ್ತದೆ. ಅಜ್ಜನ ಪುಸ್ತಕದಲ್ಲಿ ಇಲ್ಲದೆ ಹೋದದ್ದು ಇದೇ.

ನಮ್ಮ ತೋಟಕ್ಕೆ ಮದ್ದು ಬಿಡುವವರು ಇನ್ನೊಂದನ್ನು ಸೇರಿಸಿದರು. ಬೋರ್ಡೋ ಹದವಾಗಿದೆಯೇ ಎಂದು ನೋಡಲು ಅವರು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣಕ್ಕೆ ಅದ್ದುತ್ತಾರೆ. ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಆ ದಿನ ಕತ್ತಿ ಒರೆಸುತ್ತ, "ಇಡೀ ತೋಟಕ್ಕೆ ಒಂದೇ ಲೆಕ್ಕ ಹಾಕಬೇಡಿ ಅಕ್ಕ, ತೋಡಿನ ಬದಿಯ ನಾಲ್ಕು ಸಾಲು ಯಾವಾಗಲೂ ಎಂಟು ಹತ್ತು ದಿನ ಮೊದಲೇ ಬೀಳುತ್ತದೆ" ಎಂದರು. ಅವರು ಮೂವತ್ತು ವರ್ಷ ಮರದ ಮೇಲಿನಿಂದ ನೋಡಿದ ಸಂಗತಿ. ಕೆಳತೋಟ, ಮೇಲ್ತೋಟ ಎಂದು ಲೆಕ್ಕವನ್ನು ಎರಡು ಮಾಡಿದೆವು. ಕೆಲಸಗಾರರು ಸಿಗದ ವಾರಗಳಲ್ಲಿ ಕೆಳಗಿನ ನಾಲ್ಕು ಸಾಲಿಗೆ ಮಾತ್ರ ಬಿಡಿಸುವ ದಾರಿಯೂ ಇದರಿಂದ ತೆರೆಯಿತು.

ಹಿರಿಯರ ನಕ್ಷತ್ರದ ಲೆಕ್ಕವನ್ನು ನಾನು ಬಿಟ್ಟಿಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ: ಸುಮಾರು ಎರಡೆರಡು ವಾರದ ಈ ಮಳೆಗಳ ಸ್ವಭಾವ ಎಂದರೆ ತಲೆಮಾರುಗಳ ಸರಾಸರಿ. ಯಾವ ಮಾದರಿಯನ್ನೂ ಮೊದಲು ಅದರ ಜೊತೆ ತೂಗಬೇಕು. ಅದನ್ನು ಮೀರಿಸಲಾಗದ ಮಾದರಿಯಿಂದ ಪ್ರಯೋಜನವಿಲ್ಲ. ಆದರೆ ವರ್ಷ ತನ್ನ ಸರಾಸರಿಯನ್ನು ಬಿಟ್ಟು ನಡೆದಾಗ ಪಂಚಾಂಗ ಮೌನವಾಗುತ್ತದೆ.

2025 ಅಂಥ ವರ್ಷ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಆ ವರ್ಷ ಮೇ 27ಕ್ಕೆ ಬರಬಹುದು, 4 ದಿನ ಹಿಂದುಮುಂದಾಗಬಹುದು ಎಂದು ಇಲಾಖೆ ಹೇಳಿತ್ತು. ನಮ್ಮಲ್ಲಿ ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಕಳೆದ ಮೇಲೆ, ಮೇ ಕೊನೆಯ ವಾರ ಮೊದಲ ಮದ್ದು ಬಿಡುವುದು ರೂಢಿ. "27 ಎಂಬುದನ್ನು ನೋಡಬೇಡಿ ಅಪ್ಪಚ್ಚಿ, 4 ದಿನ ಎಂಬುದನ್ನು ನೋಡಿ, 23ಕ್ಕೇ ಬರಬಹುದು ಎಂದು ಅವರೇ ಹೇಳುತ್ತಿದ್ದಾರೆ" ಎಂದೆ. 20ರೊಳಗೆ ಮುಗಿಸಬೇಕೆಂದು ಹೊರಟೆವು. ಮೇಲ್ತೋಟ ಮುಗಿಯಿತು. ಕೆಳತೋಟಕ್ಕೆ ಬರುವಷ್ಟರಲ್ಲಿ ಮಳೆ ಸುರುವಾಯಿತು. ಮೇ 24ಕ್ಕೆ ಮುಂಗಾರು ಕೇರಳಕ್ಕೆ ಕಾಲಿಟ್ಟಿತು, 2009ರ ಬಳಿಕ ಇಷ್ಟು ಬೇಗ ಬಂದದ್ದು ಅದೇ ಮೊದಲು. ಮುನ್ಸೂಚನೆ ಸರಿಯಿತ್ತು, ನಮ್ಮ ಯೋಚನೆಯೂ ಸರಿಯಿತ್ತು, ಆದರೂ ಅರ್ಧ ತೋಟ ಉಳಿಯಿತು. ಮರ ಹತ್ತುವವರ ಕೊರತೆಯನ್ನು ಯಾವ ಸಮೀಕರಣವೂ ತುಂಬುವುದಿಲ್ಲ. ಜೂನ್‌ನಲ್ಲಿ ಸಿಕ್ಕ ಒಂದು ಹೊಳವಿನಲ್ಲಿ ಕೆಳತೋಟಕ್ಕೆ ಬಿಡಿಸಿದೆವು. ಸ್ವಲ್ಪ ನಷ್ಟವಾಯಿತು, ಹಿಂದಿನ ಸಲದಂತೆ ಆಗಲಿಲ್ಲ.

ಈಗ ನಾವು ಊಹೆಯನ್ನು ಮೊದಲೇ ಬರೆದಿಡುತ್ತೇವೆ. ಜಗಲಿಯ ಕಂಬಕ್ಕೆ ತೂಗುಹಾಕಿದ ಒಂದು ಪುಸ್ತಕ. ಪ್ರತಿ ಭಾನುವಾರ, ಮುಂದಿನ 10 ದಿನಕ್ಕೆ ಕೆಳತೋಟ ಇಷ್ಟು, ಮೇಲ್ತೋಟ ಇಷ್ಟು ಎಂದು ಪೆನ್ನಿನಲ್ಲಿ ಬರೆಯುತ್ತೇವೆ, ತಿದ್ದುವಂತಿಲ್ಲ. 1950ರಲ್ಲಿ ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ ಸೂಚಿಸಿದ ರೀತಿಯಲ್ಲಿ ಅಂಕ ಹಾಕುತ್ತೇವೆ. ನೂರಕ್ಕೆ 30 ಎಂದು ಹೇಳಿ ಕೊಳೆ ಬಂದರೆ ವ್ಯತ್ಯಾಸ 0.7, ಅದರ ವರ್ಗ 0.49; ಬಾರದಿದ್ದರೆ 0.3ರ ವರ್ಗ 0.09. ಒಟ್ಟು ಕಡಿಮೆ ಇದ್ದಷ್ಟೂ ಒಳ್ಳೆಯದು. ಅಪ್ಪಚ್ಚಿ ತಮ್ಮದೇ ಅಂದಾಜನ್ನು ಪಕ್ಕದ ಕಾಲಮಿನಲ್ಲಿ ಬರೆಯುತ್ತಾರೆ. ಕೆಳತೋಟದಲ್ಲಿ ಅವರ ಅಂಕ ಮಾದರಿಗಿಂತ ಉತ್ತಮ, ಮೇಲ್ತೋಟದಲ್ಲಿ ಮಾದರಿ ಸ್ವಲ್ಪ ಮೇಲು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡಕ್ಕಿಂತಲೂ ಒಳ್ಳೆಯದಾಗುತ್ತದೆ.

ಒಂದು ತೊಡಕು ಉಳಿದಿತ್ತು. ಎಚ್ಚರಿಕೆ ಬಂದಾಗಲೆಲ್ಲ ಮದ್ದು ಬಿಟ್ಟರೆ ಕೊಳೆ ಬರುವುದಿಲ್ಲ, ಎಚ್ಚರಿಕೆ ಸರಿಯಿತ್ತೇ ಎಂದು ತಿಳಿಯುವ ದಾರಿ ಮುಚ್ಚುತ್ತದೆ. ಅಜ್ಜನ ಪುಸ್ತಕದಲ್ಲಿ ಆದದ್ದೇ ಮತ್ತೆ ಆಗುತ್ತದೆ. ಇದನ್ನು ನಾನು ಹೇಳಿದಾಗ ಅಪ್ಪಚ್ಚಿ ಸ್ವಲ್ಪ ಹೊತ್ತು ತೋಟದ ಕಡೆ ನೋಡಿದರು. ಮರುದಿನ ಸುಣ್ಣದ ಬಾಲ್ದಿ ಹಿಡಿದು ತೋಡಿನ ಕೆಳಕೊನೆಗೆ ಹೋಗಿ, ಬೇರೆ ಮರಗಳಿಗೆ ರೋಗ ದಾಟದಂತೆ ಒಂದು ಮೂಲೆಯಲ್ಲಿರುವ ಎಂಟು ಮರಗಳಿಗೆ ಎದೆಮಟ್ಟದಲ್ಲಿ ಬಿಳಿ ಪಟ್ಟೆ ಬಳಿದರು. ಆ ಎಂಟಕ್ಕೆ ಮದ್ದು ಇಲ್ಲ. ಬಿದ್ದದ್ದನ್ನು ದಿನವೂ ಆರಿಸಿ ಸುಡುತ್ತಾರೆ, ಮೊದಲ ಅಡಿಕೆ ಬಿದ್ದ ದಿನವನ್ನು ನನಗೆ ಫೋನ್ ಮಾಡಿ ತಿಳಿಸುತ್ತಾರೆ.

ಕಳೆದ ತಿಂಗಳು ಅವರ ಜಮಾಖರ್ಚಿನ ಪುಸ್ತಕವನ್ನು ತೆರೆದು ನೋಡಿದೆ. ಮೈಲುತುತ್ತು, ಸುಣ್ಣ, ಸಂಬಳಗಳ ಕೆಳಗೆ, ಖರ್ಚಿನ ಬದಿಯಲ್ಲಿ, ಅಜ್ಜನದ್ದನ್ನೇ ಹೋಲುವ ಅಕ್ಷರದಲ್ಲಿ ಒಂದು ಸಾಲು ಇತ್ತು: "ಎಂಟು ಮರದ ಫಸಲು. ಮದ್ದು ಬಿಟ್ಟಿಲ್ಲ. ಗೊತ್ತಾಗಲಿಕ್ಕೆ."